ಕಾರವಾರ, ಶಿರಸಿ ಕಡೆಯವರು ಸ್ಕೀಯಿಂಗ್‌ಗೆ ಹೊರಡೋದು ಯಾವಾಗ, ಹೇಗೆ

ಡಿಸೆಂಬರ್ ಹತ್ತಿರ ಬಂತು ಅಂದ್ರೆ ನಮ್ಮ ಕಡೆ ಸ್ಕೀಯಿಂಗ್ (ಕಾಲಿಗೆ ಉದ್ದ ಹಲಗೆ ಕಟ್ಟಿಕೊಂಡು ಹಿಮದ ಇಳಿಜಾರಿನಲ್ಲಿ ಜಾರುವ ಆಟ) ಬಗ್ಗೆ ಈ ಪ್ರಶ್ನೆ ಶುರುವಾಗುತ್ತದೆ. ಕಾಶ್ಮೀರದ ಗುಲ್ಮಾರ್ಗ್‌ನಲ್ಲಿ ರೂಮ್ ಬುಕ್ ಮಾಡಿ ಆಯ್ತು, ವಿಮಾನದ ಟಿಕೆಟ್ ಆಯ್ತು, ಕ್ರಿಸ್‌ಮಸ್ ರಜೆಗೆ ಹೋಗೋದು, ಆಗ ಹಿಮ ಇರ್ತದೆ ಅಲ್ವಾ? ಇರಬಹುದು, ಇಲ್ಲದೆಯೂ ಇರಬಹುದು. ಎರಡು ತಿಂಗಳ ಮೊದಲೇ ಅದನ್ನು ಹೇಳಲು ಯಾರಿಂದಲೂ ಆಗುವುದಿಲ್ಲ. ಕಾರವಾರದಿಂದ ಗುಲ್ಮಾರ್ಗ್‌ವರೆಗೆ ಹೋಗಿ, ಕೆಸರು ಮತ್ತು ಒಣ ಹುಲ್ಲಿನ ಗುಡ್ಡ ನೋಡಿಕೊಂಡು ವಾಪಸ್ ಬರುವುದು ನಿಜಕ್ಕೂ ಬೇಜಾರಿನ ಸಂಗತಿ. ಅಷ್ಟು ಖರ್ಚು, ಅಷ್ಟು ದೂರ. ಆದ್ದರಿಂದ ಮೊದಲು ಹಿಮದ ಲೆಕ್ಕ ಹಾಕಿ, ರಜೆ ಮತ್ತು ಟಿಕೆಟ್ಟನ್ನು ಅದಕ್ಕೆ ಹೊಂದಿಸಿಕೊಳ್ಳಿ. ಅದು ಹೇಗೆ ಅಂತ ಒಂದೊಂದಾಗಿ ಹೇಳುತ್ತೇನೆ.

ಹಿಮ ಬರುವುದು ಎಲ್ಲಿಂದ

ನಮ್ಮ ಮಳೆ ಅರಬ್ಬಿ ಸಮುದ್ರದ ಕಡೆಯಿಂದ ಬರುತ್ತದೆ, ಜೂನ್‌ನಲ್ಲಿ. ಕಾಶ್ಮೀರದ ಹಿಮದ ದಾರಿಯೇ ಬೇರೆ. ಚಳಿಗಾಲದಲ್ಲಿ ಮೆಡಿಟರೇನಿಯನ್ ಸಮುದ್ರದ ಕಡೆ ಹುಟ್ಟುವ ಗಾಳಿಯ ಸುಳಿಗಳು ಇರಾನ್, ಅಫ್ಘಾನಿಸ್ತಾನ ದಾಟಿ ಹಿಮಾಲಯಕ್ಕೆ ಬಂದು ತಾಗುತ್ತವೆ. ಹವಾಮಾನ ಇಲಾಖೆಯವರು ಇದಕ್ಕೆ ವೆಸ್ಟರ್ನ್ ಡಿಸ್ಟರ್ಬೆನ್ಸ್ ಅನ್ನುತ್ತಾರೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಒಂದರ ಹಿಂದೆ ಒಂದು ಬರುತ್ತಾ ಇರುತ್ತವೆ. ಒಂದು ಬಂದರೆ ಒಂದೆರಡು ದಿನ, ಕೆಲವೊಮ್ಮೆ ಮೂರು ದಿನ ಹಿಮ ಬೀಳುತ್ತದೆ. ಆಮೇಲೆ ಆಕಾಶ ತಿಳಿಯಾಗಿ ಚಳಿ ಕಚ್ಚುತ್ತದೆ. ಮುಂದಿನದು ಬರುವವರೆಗೆ ಬಿಸಿಲು.

ಸುಳಿ ದುರ್ಬಲವಾಗಿದ್ದರೆ ಅಥವಾ ಉತ್ತರಕ್ಕೆ ಜಾರಿ ಹೋದರೆ ಹಿಮ ಇಲ್ಲ. 2024ರ ಜನವರಿಯಲ್ಲಿ ಹಾಗೇ ಆಯ್ತು. ತಿಂಗಳ ಕೊನೆಯವರೆಗೂ ಗುಲ್ಮಾರ್ಗ್ ಒಣಗಿಕೊಂಡಿತ್ತು, ಬೋಳು ಇಳಿಜಾರಿನ ಫೋಟೊ ದೇಶದ ಎಲ್ಲ ಪತ್ರಿಕೆಗಳಲ್ಲೂ ಬಂತು. ಅದೇ ವರ್ಷ ಫೆಬ್ರವರಿಯಲ್ಲಿ ಭರ್ತಿ ಹಿಮ ಬಿದ್ದು ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟ ಅಲ್ಲೇ ನಡೆಯಿತು. 2025ರಲ್ಲಿ ಮತ್ತೆ ತಿರುಗು ಮುರುಗು. ಫೆಬ್ರವರಿ 22ಕ್ಕೆ ಇಟ್ಟುಕೊಂಡಿದ್ದ ಕೂಟವನ್ನು ಹಿಮ ಸಾಲದೆ ಮುಂದೂಡಿ ಮಾರ್ಚ್ 9ರಿಂದ 12ರವರೆಗೆ ನಡೆಸಿದರು. ಸರ್ಕಾರ ನಡೆಸುವ ಕೂಟವೇ ಹಿಮಕ್ಕೆ ಕಾಯಬೇಕಾಗುತ್ತದೆ ಅಂದ ಮೇಲೆ ನಾವೂ ಕಾಯುವ ಜಾಗ ಇಟ್ಟುಕೊಂಡೇ ಹೊರಡಬೇಕು.

ಕಾಶ್ಮೀರದವರು ಚಳಿಗಾಲವನ್ನು ಮೂರು ಭಾಗ ಮಾಡುತ್ತಾರೆ. ಡಿಸೆಂಬರ್ 21ರಿಂದ 40 ದಿನ ಚಿಲ್ಲೈ ಕಲಾನ್, ಆಮೇಲೆ 20 ದಿನ ಚಿಲ್ಲೈ ಖುರ್ದ್, ಕೊನೆಗೆ 10 ದಿನ ಚಿಲ್ಲೈ ಬಚ್ಚಾ. ನಾವು ಮೃಗಶಿರ, ಆರಿದ್ರ, ಪುನರ್ವಸು ಅಂತ ಮಳೆ ನಕ್ಷತ್ರ ಎಣಿಸುತ್ತೇವಲ್ಲ, ಇದೂ ಹಾಗೇ. ಆರಿದ್ರದಲ್ಲಿ ಮಳೆ ಬರಬೇಕು ಅನ್ನುವುದು ಸರಿ, ಆದರೆ ಕೆಲವು ವರ್ಷ ಆರಿದ್ರ ಒಣಗಿ ಹೋಗುತ್ತದೆ, ಹಾಗಂತ ಮಳೆಗಾಲವೇ ಹೋಯ್ತು ಅಂತ ಯಾರೂ ನೆಟ್ಟಿ ಬಿಡುವುದಿಲ್ಲ.

ತಿಂಗಳು ಆರಿಸುವುದು

ಡಿಸೆಂಬರ್ ಕೊನೆ ಬೇಡ ಅಂತ ನಾನು ನೇರವಾಗಿ ಹೇಳುತ್ತೇನೆ. ಜನ ಜಾಸ್ತಿ, ದರ ದುಪ್ಪಟ್ಟು, ಹಿಮ ತೆಳು. ಸ್ಕೀಯಿಂಗ್‌ಗೆ ಸುಮ್ನೆ ಬೆಳ್ಳಗೆ ಕಂಡರೆ ಸಾಲದು. ಕೆಳಗಿನ ಬಂಡೆ, ಪೊದೆ, ಬೇರು ಎಲ್ಲ ಮುಚ್ಚುವಷ್ಟು ಗಟ್ಟಿ ತಳ ಕೂತಿರಬೇಕು. ಒಂದೆರಡು ಬಾರಿ ಬಿದ್ದ ಹಿಮದಿಂದ ಆ ತಳ ಆಗುವುದಿಲ್ಲ. ಇನ್ನೊಂದು ತೊಂದರೆ ದಿಲ್ಲಿಯ ಮಂಜು. ಡಿಸೆಂಬರ್ ಕೊನೆ, ಜನವರಿಯಲ್ಲಿ ಬೆಳಗಿನ ವಿಮಾನಗಳು ಗಂಟೆಗಟ್ಟಲೆ ತಡವಾಗುತ್ತವೆ. ನಾವು ಗೋವಾದಿಂದಲೋ ಹುಬ್ಬಳ್ಳಿಯಿಂದಲೋ ಹೋಗಿ ದಾರಿಯಲ್ಲಿ ವಿಮಾನ ಬದಲಿಸುವವರು. ಒಂದು ತಪ್ಪಿದರೆ ಇನ್ನೊಂದೂ ತಪ್ಪಿತು.

ಜನವರಿ ಮಧ್ಯದಿಂದ ಫೆಬ್ರವರಿ ಕೊನೆಯವರೆಗೆ ಹಿಮದ ಗುಣ ಒಳ್ಳೆಯದು. ಚಳಿ ಇರುವುದರಿಂದ ಹಿಮ ಒಣಗಿ ಹಗುರ ಇರುತ್ತದೆ. ಗುಲ್ಮಾರ್ಗ್‌ಗೆ ಪ್ರಪಂಚದ ಎಲ್ಲೆಲ್ಲಿಂದಲೋ ಜನ ಬರುವುದು ಈ ಪುಡಿ ಹಿಮಕ್ಕೆ. ಆದರೆ ಮೊದಲ ಸಲ ಕಲಿಯುವವರಿಗೆ ಪುಡಿ ಹಿಮ ಮುಖ್ಯ ಅಲ್ಲ. ತಳ ಗಟ್ಟಿ ಇದ್ದು, ಬಿಸಿಲಿದ್ದು, ಕೈ ಮರಗಟ್ಟದೆ ದಿನಕ್ಕೆ ನಾಲ್ಕು ತಾಸು ಹೊರಗೆ ನಿಲ್ಲಲು ಆಗಬೇಕು. ಅದಕ್ಕೆ ಫೆಬ್ರವರಿ ಎರಡನೇ ವಾರದಿಂದ ಮಾರ್ಚ್ ಮೊದಲ ವಾರದವರೆಗಿನ ಸಮಯವೇ ನನಗೆ ಎಲ್ಲಕ್ಕಿಂತ ಇಷ್ಟ. ಮಾರ್ಚ್ ಮಧ್ಯ ದಾಟಿದರೆ ಕೆಳಗಿನ ಇಳಿಜಾರು ಮಧ್ಯಾಹ್ನಕ್ಕೇ ಕರಗಿ ರಾಡಿ ಆಗುತ್ತದೆ, ಮೇಲೆ ಮಾತ್ರ ಹಿಮ ಉಳಿಯುತ್ತದೆ, ಮೇಲಿನದು ಕಲಿಯುವವರ ಜಾಗ ಅಲ್ಲ.

ಇನ್ನು ನಮ್ಮ ಊರಿನ ಕ್ಯಾಲೆಂಡರ್. ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟದವರಿಗೆ ಡಿಸೆಂಬರ್-ಜನವರಿ ಅಂದರೆ ಕೊನೆಕೊಯ್ಲು, ಅಡಿಕೆ ಗೊನೆ ಇಳಿಸುವ ಕಾಲ. ಮರ ಹತ್ತಿ ಗೊನೆ ಕೊಯ್ಯುವ ಕೊನೆಗೌಡ ಸಿಕ್ಕ ದಿನ ಮನೆಯಲ್ಲಿ ಇರಲೇಬೇಕು. "ಕೊನೆಕೊಯ್ಲು ಬಿಟ್ಟು ಹ್ಯಾಂಗ್ ಹೋಪದು ಭಾವ?" ಅಂದವರಿಗೆ ನನ್ನ ಹತ್ತಿರ ಇರುವ ಉತ್ತರ ಫೆಬ್ರವರಿಯೇ. ಆಗ ಕೊಯ್ಲು ಹೆಚ್ಚುಕಡಿಮೆ ಮುಗಿದು ಚಾಲಿಗೆ ಹಾಕಿದ ಅಡಿಕೆ ಅಂಗಳದಲ್ಲಿ ಒಣಗುತ್ತಾ ಇರುತ್ತದೆ, ಮನೆಯಲ್ಲಿ ಒಬ್ಬರು ನೋಡಿಕೊಂಡರೆ ಸಾಕು. ಆದರೆ ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ಬೀಳುವುದೂ ಇದೇ ಫೆಬ್ರವರಿ-ಮಾರ್ಚ್‌ನಲ್ಲಿ. ಜಾತ್ರೆ ವರ್ಷವಾದರೆ ದಿನ ಮೊದಲೇ ನೋಡಿಕೊಳ್ಳಿ. ಮನೆ ತುಂಬ ನೆಂಟರು ಬಂದಿರುವಾಗ ನೀವು ಗುಲ್ಮಾರ್ಗ್‌ನಲ್ಲಿ ಇದ್ದರೆ ವರ್ಷಗಟ್ಟಲೆ ಮಾತು ಕೇಳಬೇಕಾಗುತ್ತದೆ. ಶಾಲೆಗೆ ಹೋಗುವ ಮಕ್ಕಳಿದ್ದರೆ ಫೆಬ್ರವರಿ ಮೊದಲಾರ್ಧವೇ ಸರಿ, ಪರೀಕ್ಷೆ ಹತ್ತಿರ ಬರುವುದರೊಳಗೆ ಹೋಗಿ ಬಂದುಬಿಡಬಹುದು. ಎಸ್ಸೆಸ್ಸೆಲ್ಸಿ, ಪಿಯುಸಿ ಮಕ್ಕಳಿದ್ದರೆ ಆ ವರ್ಷ ಬಿಡಿ.

ಕರಾವಳಿಯಲ್ಲಿ ಬೋಟಿನ ಕೆಲಸ ಇದ್ದವರಿಗೆ ಬಿಡುವು ಸಿಗುವುದು ಜೂನ್-ಜುಲೈಯ 61 ದಿನದ ಮೀನುಗಾರಿಕೆ ನಿಷೇಧದಲ್ಲಿ. ಆಗ ನಮ್ಮ ದೇಶದಲ್ಲಿ ಸ್ಕೀಯಿಂಗ್ ಇಲ್ಲ. ಆಗ ಚಳಿಗಾಲ ಇರುವುದು ಭೂಮಿಯ ದಕ್ಷಿಣಾರ್ಧದಲ್ಲಿ, ಅಂದರೆ ನ್ಯೂಜಿಲೆಂಡ್, ಆಸ್ಟ್ರೇಲಿಯಾ, ಚಿಲಿಯಂಥ ಕಡೆ. ಖರ್ಚಿನ ಮಾತು. ಭಟ್ಕಳ, ಹೊನ್ನಾವರದ ಎಷ್ಟೋ ಮನೆಗಳವರು ದುಬೈನಲ್ಲಿ ಇದ್ದಾರೆ. ಅಲ್ಲಿಗೆ ಹೋಗುವ ಅವಕಾಶ ಇದ್ದರೆ ಮಾಲ್ ಒಳಗಿನ ಸ್ಕೀ ದುಬೈ ವರ್ಷವಿಡೀ ತೆರೆದಿರುತ್ತದೆ, ಉದ್ದದ ಇಳಿಜಾರು ಸುಮಾರು 400 ಮೀಟರ್. ಒಂದು ಪಾಠ ತೆಗೆದುಕೊಂಡು ಬಂದರೆ, ಈ ಆಟ ನಮಗೆ ಹಿಡಿಸುತ್ತದೋ ಇಲ್ಲವೋ ಅಂತ ಕಾಶ್ಮೀರಕ್ಕೆ ದುಡ್ಡು ಹಾಕುವ ಮೊದಲೇ ಗೊತ್ತಾಗುತ್ತದೆ.

ಜಾಗ ಯಾವುದು

ಮೊದಲ ಸಲಕ್ಕೆ ನನ್ನ ಮಾತು ಕೇಳಿದರೆ ಗುಲ್ಮಾರ್ಗ್. ಕಾರಣ ಎತ್ತರ. ಊರು ಸುಮಾರು 2,650 ಮೀಟರ್ ಎತ್ತರದಲ್ಲಿದೆ. ಗೊಂಡೊಲಾದ (ತಂತಿಗೆ ತೂಗಿ ಬೆಟ್ಟ ಏರುವ ಕೇಬಲ್ ಕಾರ್) ಮೊದಲ ಹಂತ ಕೊಂಗ್ಡೂರಿಗೆ, ಸುಮಾರು 3,100 ಮೀಟರ್‌ವರೆಗೆ ಒಯ್ಯುತ್ತದೆ. ಎರಡನೇ ಹಂತ ಅಫರ್ವತ್ ಬೆಟ್ಟದ ಮೇಲೆ 3,900 ಮೀಟರ್ ದಾಟುತ್ತದೆ. ಕೆಳಗೆ ಹಿಮ ಕಡಿಮೆ ಇದ್ದರೂ ಮೇಲೆ ಸಿಗುವ ಸಾಧ್ಯತೆ ಉಳಿದಿರುತ್ತದೆ. ಕಲಿಯುವವರಿಗೆ ಗಾಲ್ಫ್ ಮೈದಾನದ ಪಕ್ಕದ ಮೆಲ್ಲನೆಯ ಇಳಿಜಾರುಗಳು ಇವೆ. ಸರ್ಕಾರದ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆಯೂ ಅಲ್ಲೇ ಇದೆ.

ಉತ್ತರಾಖಂಡದ ಔಲಿ ನೋಡಲು ತುಂಬ ಚೆಂದ. ನಂದಾದೇವಿ ಎದುರಿಗೇ ನಿಂತಿರುತ್ತದೆ. ಇಳಿಜಾರು ಹದವಾಗಿದೆ, ಗಢವಾಲ್ ಮಂಡಲ್ ವಿಕಾಸ ನಿಗಮದವರ ಕೋರ್ಸ್‌ಗಳೂ ಇವೆ. ಆದರೆ ಈಚಿನ ವರ್ಷಗಳಲ್ಲಿ ಹಿಮ ಅಲ್ಲಿ ಕೈಕೊಡುವುದು ಜಾಸ್ತಿ. ಋಷಿಕೇಶದಿಂದ ಔಲಿಯ ಕೆಳಗಿನ ಊರು ಜೋಶಿಮಠಕ್ಕೆ ಸುಮಾರು 250 ಕಿಲೋಮೀಟರ್ ಬೆಟ್ಟದ ರಸ್ತೆ, ಒಂದಿಡೀ ದಿನ ಬೇಕು. ಜೋಶಿಮಠದಿಂದ ಮೇಲೆ ಹೋಗುವ ರೋಪ್‌ವೇ 2023ರ ಜನವರಿಯಲ್ಲಿ ಊರಿನ ನೆಲ ಕುಸಿಯತೊಡಗಿದಾಗ ನಿಂತಿತು. ಅದನ್ನು ನಂಬಿ ಯೋಜನೆ ಹಾಕಬೇಡಿ, ಜೀಪಿನಲ್ಲಿ ಹೋಗುವ ಲೆಕ್ಕ ಇಟ್ಟುಕೊಳ್ಳಿ.

ಮನಾಲಿ ಹತ್ತಿರದ ಸೋಲಾಂಗ್‌ನಲ್ಲಿ ಪ್ರವಾಸಿಗರ ಗದ್ದಲ ಜಾಸ್ತಿ. ಅಲ್ಲಿ ಅರ್ಧ ಗಂಟೆ ಸ್ಕೀ ಕಟ್ಟಿಕೊಂಡು ಫೋಟೊ ತೆಗೆಸಿಕೊಳ್ಳುವುದನ್ನು ಸ್ಕೀಯಿಂಗ್ ಅನ್ನಲು ನನಗೆ ಮನಸ್ಸಿಲ್ಲ. ನಿಜವಾಗಿ ಕಲಿಯುವ ಆಸೆ ಇದ್ದರೆ ಮನಾಲಿಯ ಅಟಲ್ ಬಿಹಾರಿ ವಾಜಪೇಯಿ ಪರ್ವತಾರೋಹಣ ಸಂಸ್ಥೆಯ ಕೋರ್ಸ್ ನೋಡಿ, ಅದು 1961ರಿಂದ ನಡೆಯುತ್ತಾ ಬಂದ ಸಂಸ್ಥೆ. ಸರ್ಕಾರಿ ಸಂಸ್ಥೆಗಳ ಕೋರ್ಸ್‌ಗೆ ದಿನಾಂಕ ಅವರೇ ನಿಗದಿ ಮಾಡುತ್ತಾರೆ, ಸೀಟು ಬೇಗ ತುಂಬುತ್ತದೆ. ಅಕ್ಟೋಬರ್-ನವೆಂಬರ್‌ನಲ್ಲೇ ವಿಚಾರಿಸಿ ಇಟ್ಟುಕೊಳ್ಳಿ.

ದಾರಿ, ಮತ್ತು ಕೈಯಲ್ಲಿ ಇರಬೇಕಾದ ಎರಡು ದಿನ

ಕಾರವಾರದವರಿಗೆ ಗೋವಾದ ದಾಬೋಲಿಂ ವಿಮಾನ ನಿಲ್ದಾಣ ಹತ್ತಿರ, ಮೋಪಾದ್ದು ಇನ್ನೂ ಮುಂದೆ. ಶಿರಸಿಯವರಿಗೆ ಹುಬ್ಬಳ್ಳಿ. ರೈಲೇ ಬೇಕು ಅನ್ನುವವರು ಮಂಗಳಾ ಎಕ್ಸ್‌ಪ್ರೆಸ್ ಹಿಡಿದು ದಿಲ್ಲಿಗೆ ಹೋಗಿ ಅಲ್ಲಿಂದ ಮುಂದೆ ಸಾಗಬಹುದು. ಜಮ್ಮು-ಶ್ರೀನಗರ ಹೆದ್ದಾರಿ ಚಳಿಗಾಲದಲ್ಲಿ ಹಿಮಕ್ಕೂ ಗುಡ್ಡ ಕುಸಿತಕ್ಕೂ ಪದೇ ಪದೇ ಬಂದ್ ಆಗುತ್ತದೆ, ರಾಂಬನ್ ಕಡೆ ವಿಶೇಷವಾಗಿ. 2025ರ ಜೂನ್‌ನಿಂದ ಕಟ್ರಾ-ಶ್ರೀನಗರ ನಡುವೆ ವಂದೇ ಭಾರತ್ ಓಡುತ್ತಿರುವುದು ದೊಡ್ಡ ಅನುಕೂಲ. ವಿಮಾನ ರದ್ದಾದರೆ ಹೊರಬರಲು ಇನ್ನೊಂದು ದಾರಿ ಇದೆ ಅಂತಾಯ್ತು.

ಶ್ರೀನಗರದಿಂದ ಗುಲ್ಮಾರ್ಗ್ ಸುಮಾರು 50 ಕಿಲೋಮೀಟರ್. ತಂಗ್‌ಮಾರ್ಗ್‌ವರೆಗೆ ಯಾವ ಕಾರಾದರೂ ಹೋಗುತ್ತದೆ. ಅಲ್ಲಿಂದ ಮೇಲಿನ ಸುಮಾರು 13 ಕಿಲೋಮೀಟರ್ ಘಾಟಿಗೆ ಹಿಮ ಬಿದ್ದಾಗ ಫೋರ್ ಬೈ ಫೋರ್ ಗಾಡಿ ಇಲ್ಲವೇ ಟೈರಿಗೆ ಸರಪಳಿ ಬೇಕು. ದೇವಿಮನೆ ಘಟ್ಟ ಓಡಿಸಿದ ಕೈ ನಂದು, ನಾನೇ ಓಡಿಸ್ತೇನೆ ಅನ್ನಬೇಡಿ. ಹಿಮದ ಮೇಲೆ ಬ್ರೇಕ್ ಹಿಡಿದರೆ ಗಾಡಿ ನಿಲ್ಲುವುದಿಲ್ಲ, ಜಾರುತ್ತದೆ. ಅಲ್ಲಿಯ ಚಾಲಕರಿಗೇ ಬಿಡಿ.

ಇಡೀ ಯೋಜನೆಯಲ್ಲಿ ನಾನು ಎಲ್ಲಕ್ಕಿಂತ ಒತ್ತಿ ಹೇಳುವುದು ಇದು: ಗುಲ್ಮಾರ್ಗ್‌ನಲ್ಲಿ ಐದು ದಿನ ಸ್ಕೀಯಿಂಗ್ ಬೇಕು ಅಂದರೆ ಏಳು ದಿನ ಇಟ್ಟುಕೊಳ್ಳಿ. ಒಂದು ದಿನ ಹಿಮ ಸುರಿದು, ಇಳಿಜಾರಿನ ಮೇಲಕ್ಕೆ ಒಯ್ಯುವ ಲಿಫ್ಟ್ ನಿಲ್ಲುತ್ತದೆ. ಒಂದು ದಿನ ಗಾಳಿ. ಕೊನೆಯ ರಾತ್ರಿ ಗುಲ್ಮಾರ್ಗ್‌ನಲ್ಲಿ ಉಳಿಯಬೇಡಿ, ಶ್ರೀನಗರಕ್ಕೆ ಇಳಿದುಬಿಡಿ, ಇಲ್ಲದಿದ್ದರೆ ರಾತ್ರಿ ಬಿದ್ದ ಹಿಮಕ್ಕೆ ರಸ್ತೆ ಮುಚ್ಚಿ ಬೆಳಗಿನ ವಿಮಾನ ತಪ್ಪುತ್ತದೆ. ರೂಮ್ ಬುಕ್ ಮಾಡುವಾಗ ಸ್ವಲ್ಪ ಹಣ ಜಾಸ್ತಿಯಾದರೂ ದಿನಾಂಕ ಬದಲಿಸಲು ಬಿಡುವಂಥದ್ದನ್ನೇ ತೆಗೆದುಕೊಳ್ಳಿ. ಗೊಂಡೊಲಾ ಟಿಕೆಟ್ ಆನ್‌ಲೈನ್‌ನಲ್ಲಿ ಮೊದಲೇ ಮಾಡಬೇಕು. ನಮ್ಮ ಪ್ರೀಪೇಯ್ಡ್ ಸಿಮ್ ಜಮ್ಮು-ಕಾಶ್ಮೀರದಲ್ಲಿ ನಡೆಯುವುದಿಲ್ಲ, ಗುಂಪಿನಲ್ಲಿ ಇಬ್ಬರ ಹತ್ತಿರವಾದರೂ ಪೋಸ್ಟ್‌ಪೇಯ್ಡ್ ಇರಲಿ. ಹೊರಡುವ ಮೊದಲು ಭದ್ರತೆಯ ಸೂಚನೆಗಳನ್ನೂ ನೋಡಿಕೊಳ್ಳಿ.

ಹತ್ತು ದಿನ ಮೊದಲಿನಿಂದ ಮುನ್ಸೂಚನೆ ಓದುವುದು

ಹತ್ತು ದಿನ ಮೊದಲು ಆ್ಯಪ್‌ನಲ್ಲಿ ಕಾಣುವ ಹಿಮದ ಚಿತ್ರವನ್ನು ನಂಬಬೇಡಿ, ಆದರೆ ನೋಡುತ್ತಾ ಇರಿ. ಒಂದು ವೆಸ್ಟರ್ನ್ ಡಿಸ್ಟರ್ಬೆನ್ಸ್ ಬರುವ ಲಕ್ಷಣ ಇದೆಯಾ ಅಷ್ಟು ತಿಳಿದರೆ ಸಾಕು. ಐದು ದಿನ ಉಳಿದಾಗ ಹವಾಮಾನ ಇಲಾಖೆಯ ಶ್ರೀನಗರ ಕೇಂದ್ರದ ಬುಲೆಟಿನ್ ಓದಿ. ಮೂರು ದಿನ ಉಳಿದಾಗ ಅದು ಬಹಳಷ್ಟು ಸರಿ ಹೇಳುತ್ತದೆ.

ಓದುವಾಗ ಮೂರು ಸಂಗತಿ ನೋಡಿ.

ಮೊದಲನೆಯದು ಎತ್ತರಕ್ಕೆ ತಕ್ಕ ಉಷ್ಣತೆ. ಸಾವಿರ ಮೀಟರ್ ಮೇಲೆ ಹೋದರೆ ಸುಮಾರು 6.5 ಡಿಗ್ರಿ ಇಳಿಯುತ್ತದೆ. ಶ್ರೀನಗರ ಇರುವುದು ಸುಮಾರು 1,585 ಮೀಟರ್‌ನಲ್ಲಿ. ಅಲ್ಲಿ ಹಗಲಲ್ಲಿ 6 ಡಿಗ್ರಿ ಅಂತ ಇದ್ದರೆ ಗುಲ್ಮಾರ್ಗ್‌ನಲ್ಲಿ ಹೆಚ್ಚುಕಡಿಮೆ ಮೈನಸ್ 1, ಅಫರ್ವತ್ ಮೇಲಿನ ನಿಲ್ದಾಣದಲ್ಲಿ ಮೈನಸ್ 9. ಗಾಳಿ ಸೇರಿದರೆ ಮೈಗೆ ತಾಗುವುದು ಇನ್ನೂ ಜಾಸ್ತಿ. ಶ್ರೀನಗರದ ಅಂಕಿ ನೋಡಿ ಬಟ್ಟೆ ತುಂಬಬೇಡಿ.

ಎರಡನೆಯದು ಎಷ್ಟು ಎತ್ತರದಲ್ಲಿ ಶೂನ್ಯ ಡಿಗ್ರಿ ಅನ್ನುವುದು. ಇದನ್ನು ಜನ ನೋಡುವುದೇ ಇಲ್ಲ, ಆದರೆ ಹಿಮವೋ ಮಳೆಯೋ ಅಂತ ತೀರ್ಮಾನ ಆಗುವುದೇ ಇಲ್ಲಿ. ಎರಡು ದಿನಕ್ಕೆ 40 ಮಿಲಿಮೀಟರ್ ಅಂತ ಮುನ್ಸೂಚನೆ ಇದೆ ಅನ್ನಿ. ಒಂದು ಮಿಲಿಮೀಟರ್ ನೀರು ಅಂದರೆ ಸುಮಾರು ಒಂದು ಸೆಂಟಿಮೀಟರ್ ಹಿಮ, ಚಳಿ ಜಾಸ್ತಿ ಇದ್ದರೆ ಇನ್ನೂ ಹೆಚ್ಚು. ಶೂನ್ಯ ಡಿಗ್ರಿ ಎತ್ತರ 2,000 ಮೀಟರ್‌ನಲ್ಲಿದ್ದರೆ ಗುಲ್ಮಾರ್ಗ್ ಊರಿಗೇ 40 ಸೆಂಟಿಮೀಟರ್ ಒಳ್ಳೆ ಹಿಮ ಬೀಳುತ್ತದೆ. ಅದೇ 3,100 ಮೀಟರ್‌ನಲ್ಲಿದ್ದರೆ ಊರಿನಲ್ಲಿ ಮಳೆ ಹನಿ, ಕಲಿಯುವ ಇಳಿಜಾರು ನೆನೆದು ಹಾಳು, ಕೊಂಗ್ಡೂರಿಯಿಂದ ಮೇಲೆ ಮಾತ್ರ ಹಿಮ. ನೀರಿನ ಅಳತೆ ಒಂದೇ ಆದರೂ ಫಲ ಪೂರ್ತಿ ಬೇರೆ.

ಮೂರನೆಯದು ಗಾಳಿ. ಗಾಳಿ ಜೋರಿದ್ದರೆ ಎರಡನೇ ಹಂತದ ಗೊಂಡೊಲಾ ನಿಲ್ಲಿಸುತ್ತಾರೆ. ಆಕಾಶ ಶುಭ್ರ ಇದ್ದರೂ ನಿಲ್ಲಿಸುತ್ತಾರೆ.

ಜೊತೆಗೆ ಉಳಿಯುವ ಜಾಗಕ್ಕೆ ಫೋನ್ ಮಾಡಿ. "ಹಿಮ ಇದೆಯಾ" ಅಂತ ಕೇಳಿದರೆ "ಹಾಂ, ಇದೆ ಬನ್ನಿ" ಅಂತಲೇ ಉತ್ತರ ಬರುತ್ತದೆ. ಬಿಡಿಸಿ ಕೇಳಿ. ಕಲಿಯುವವರ ಲಿಫ್ಟ್ ಓಡುತ್ತಾ ಇದೆಯಾ? ಎರಡನೇ ಹಂತ ತೆರೆದಿದೆಯಾ? ಕೊನೆಯ ಸಲ ಹಿಮ ಬಿದ್ದದ್ದು ಯಾವತ್ತು? ಇವತ್ತು ಬೆಳಿಗ್ಗೆ ತೆಗೆದ ಒಂದು ಫೋಟೊ ಕಳಿಸ್ತೀರಾ? ಫೋಟೊದಲ್ಲಿ ಬೇಲಿ ಕಂಬಗಳನ್ನು ನೋಡಿ, ಎಷ್ಟು ಮುಳುಗಿವೆ ಅಂತ ತಿಳಿಯುತ್ತದೆ.

ಲಿಫ್ಟ್ ಓಡುತ್ತಿಲ್ಲ, ಮುಂದಿನ ವಾರವೂ ಒಣ ಹವೆ ಅಂತ ಗೊತ್ತಾದರೆ ದಿನಾಂಕ ಮುಂದೆ ಹಾಕಿ. ಟಿಕೆಟ್ ಬದಲಿಸಿದ ದುಡ್ಡು ಹೋದರೆ ಹೋಗಲಿ. ಇಡೀ ಪ್ರವಾಸದ ದುಡ್ಡು ಹೋಗುವುದಕ್ಕಿಂತ ಅದು ಕಡಿಮೆಯೇ.

ಮೈ ಮತ್ತು ಬಟ್ಟೆ

ಸ್ಕೀಯಿಂಗ್‌ನಲ್ಲಿ ಮೊದಲು ಸೋಲುವುದು ತೊಡೆ. ಮೊಣಕಾಲು ಬಗ್ಗಿಸಿಕೊಂಡೇ ನಿಂತಿರಬೇಕು, ದಿನವಿಡೀ. ಎರಡು ತಿಂಗಳು ಮೊದಲಿನಿಂದ ಬಸ್ಕಿ ಹೊಡೆಯಿರಿ, ಗುಡ್ಡ ಹತ್ತುವುದಕ್ಕಿಂತ ಇಳಿಯುವುದನ್ನು ಜಾಸ್ತಿ ಮಾಡಿ. ನಮ್ಮ ಕಡೆ ಗುಡ್ಡಕ್ಕೇನು ಬರ. ಯಾಣದ ಮೆಟ್ಟಿಲು ನಿಧಾನಕ್ಕೆ ಇಳಿದು ನೋಡಿ, ಯಾವ ಸ್ನಾಯು ಅಂತ ತೊಡೆಯೇ ಹೇಳುತ್ತದೆ.

ನಾವು ಸಮುದ್ರ ಮಟ್ಟದವರು. ಶಿರಸಿ ಕೂಡ 600 ಮೀಟರ್ ಅಷ್ಟೇ. ಒಂದೇ ದಿನದಲ್ಲಿ 2,650 ಮೀಟರ್‌ಗೆ ಏರಿದರೆ ಕೆಲವರಿಗೆ ತಲೆನೋವು, ವಾಕರಿಕೆ, ನಿದ್ದೆ ಇಲ್ಲದಿರುವುದು ಆಗುತ್ತದೆ. ಶ್ರೀನಗರದಲ್ಲಿ ಒಂದು ರಾತ್ರಿ ಉಳಿದು ಹೋಗಿ. ಮೊದಲ ದಿನ ಮೇಲಿನ ಗೊಂಡೊಲಾಕ್ಕೆ ಹೋಗಬೇಡಿ. ತಲೆನೋವು ಜಾಸ್ತಿಯಾಗುತ್ತಾ ಹೋದರೆ ಕೆಳಗೆ ಇಳಿಯುವುದೇ ಮದ್ದು. ಹೃದಯದ ತೊಂದರೆ, ಬಿಪಿ ಇರುವ ಹಿರಿಯರು ಹೊರಡುವ ಮೊದಲು ಡಾಕ್ಟರ್ ಹತ್ತಿರ ಮಾತಾಡಲಿ.

ಬಟ್ಟೆ ವಿಷಯದಲ್ಲಿ ಒಂದೇ ಎಚ್ಚರ. ಹತ್ತಿ ಬೇಡ. ಬೆವರಿಗೆ ನೆನೆದ ಬನಿಯನ್ ಅಲ್ಲಿ ಒಣಗುವುದಿಲ್ಲ, ಮೈ ತಣ್ಣಗೆ ಮಾಡಿಬಿಡುತ್ತದೆ. ಒಳಗೆ ಥರ್ಮಲ್, ಮೇಲೆ ಉಣ್ಣೆ ಅಥವಾ ಫ್ಲೀಸ್, ಹೊರಗೆ ಗಾಳಿ-ನೀರು ತಡೆಯುವ ಜಾಕೆಟ್ ಮತ್ತು ಪ್ಯಾಂಟ್. ಹೊರಗಿನದು ಅಲ್ಲೇ ಬಾಡಿಗೆಗೆ ಸಿಗುತ್ತದೆ. ಕೈಗವಸು ಮಾತ್ರ ಒಳ್ಳೆಯದನ್ನೇ ಕೊಳ್ಳಿ, ಎರಡು ಜೊತೆ. ಕಪ್ಪು ಕನ್ನಡಕ ಮತ್ತು ಸನ್‌ಸ್ಕ್ರೀನ್ ಮರೆಯಬೇಡಿ, ಹೊಸ ಹಿಮ ಬಿಸಿಲಿನ ಅತಿನೇರಳೆ ಕಿರಣದಲ್ಲಿ 80 ಶೇಕಡಾದಷ್ಟನ್ನು ಮುಖಕ್ಕೆ ವಾಪಸ್ ಎಸೆಯುತ್ತದೆ. ಗಲ್ಲದ ಅಡಿ, ಮೂಗಿನ ಕೆಳಗೆ ಕೂಡ ಹಚ್ಚಿ. ತುಟಿ ಒಡೆಯುವುದು ಗ್ಯಾರಂಟಿ, ನಮ್ಮ ಸೆಕೆಯ ಊರಿನ ಚರ್ಮಕ್ಕೆ ಆ ಒಣ ಗಾಳಿ ಹೊಸದು.

ಬೂಟು

ಬಾಡಿಗೆ ಅಂಗಡಿಯಲ್ಲಿ ಅವಸರ ಮಾಡಬೇಡಿ. ಸ್ಕೀ ಬೂಟು ಪ್ಲಾಸ್ಟಿಕ್ಕಿನದು, ಗಟ್ಟಿ, ಭಾರ. ಥರ್ಮಲ್ ಪ್ಯಾಂಟಿನ ತುದಿ ಬೂಟಿನ ಒಳಗೆ ಹೋಗಬಾರದು, ಮೇಲೆ ಎತ್ತಿಡಿ. ಸಾಕ್ಸ್ ಒಂದೇ ಜೊತೆ, ತೆಳುವಾದದ್ದು, ಮೊಣಕಾಲಿನವರೆಗೆ ಬರುವಂಥದ್ದು. ಚಳಿ ಅಂತ ಎರಡು ಹಾಕಿದರೆ ರಕ್ತ ಓಡಾಡದೆ ಕಾಲು ಇನ್ನೂ ತಣ್ಣಗಾಗುತ್ತದೆ. ಕಾಲು ಒಳಗೆ ಹಾಕಿ ಹಿಮ್ಮಡಿಯನ್ನು ನೆಲಕ್ಕೆ ಕುಟ್ಟಿ ಹಿಂದೆ ಕೂರಿಸಿ. ಆಮೇಲೆ ಬಕಲ್ ಹಾಕಿ. ನೆಟ್ಟಗೆ ನಿಂತಾಗ ಹೆಬ್ಬೆರಳು ಮುಂದಿನ ಗೋಡೆಗೆ ಸವರಬೇಕು. ಮೊಣಕಾಲು ಮುಂದೆ ಬಗ್ಗಿಸಿದಾಗ ಬೆರಳು ಹಿಂದೆ ಸರಿದು ಬಿಡುವಾಗಬೇಕು. ಹಿಮ್ಮಡಿ ಮೇಲೆ ಏಳಬಾರದು. ಎದ್ದರೆ ಒಂದು ಅಳತೆ ಚಿಕ್ಕದು ಕೇಳಿ. ಹತ್ತು ನಿಮಿಷ ಅಂಗಡಿಯಲ್ಲೇ ಓಡಾಡಿ.

ಸ್ಕೀ ಉದ್ದ ಕಲಿಯುವವರಿಗೆ ಗಲ್ಲದವರೆಗೆ ಬಂದರೆ ಸಾಕು. ನಿಮ್ಮ ತೂಕ ಕೇಳುತ್ತಾರೆ, ಸರಿಯಾಗಿ ಹೇಳಿ. ಬಿದ್ದಾಗ ಸ್ಕೀ ಕಾಲಿನಿಂದ ಕಳಚಿಕೊಳ್ಳುವ ಬಿಗಿ ಹೊಂದಿಸುವುದು ಅದರ ಮೇಲೆ. ತಪ್ಪು ಹೇಳಿದರೆ ಮೊಣಕಾಲಿಗೆ ಪೆಟ್ಟು. ಹೆಲ್ಮೆಟ್ ಕಡ್ಡಾಯ ಅಂತಲೇ ಇಟ್ಟುಕೊಳ್ಳಿ.

ದಿನದ ಒಳಗೆ ಹಿಮ ಬದಲಾಗುವ ಬಗೆ

ಫೆಬ್ರವರಿ ಕೊನೆ, ಮಾರ್ಚ್‌ನಲ್ಲಿ ಹೋದವರಿಗೆ ಇದು ಮುಖ್ಯ. ಹಗಲು ಕರಗಿದ ಹಿಮ ರಾತ್ರಿ ಗಟ್ಟಿಯಾಗುತ್ತದೆ. ಬೆಳಿಗ್ಗೆ ಒಂಬತ್ತಕ್ಕೆ ಇಳಿಜಾರು ಗಾಜಿನ ಹಾಗೆ ಇರುತ್ತದೆ, ಸ್ಕೀ ಅಂಚು ಕರಕರ ಅನ್ನುತ್ತದೆ, ಬಿದ್ದರೆ ನೋವು. ಹತ್ತೂವರೆ-ಹನ್ನೊಂದಕ್ಕೆ ಮೇಲಿನ ಒಂದೆರಡು ಇಂಚು ಸಡಿಲಾಗಿ ಹದಕ್ಕೆ ಬರುತ್ತದೆ. ಕಲಿಯಲು ಅದೇ ಸಮಯ, ತಿರುಗುವುದು ಸುಲಭ. ಎರಡು ಗಂಟೆ ದಾಟಿದ ಮೇಲೆ ಹಿಮ ಒದ್ದೆಯಾಗಿ ಸ್ಕೀಯನ್ನು ಎಳೆದು ಹಿಡಿಯುತ್ತದೆ, ಮೊಣಕಾಲು ತಿರುಚುವುದು ಆಗಲೇ. ಕೈಯಲ್ಲಿ ಒಂದು ಹಿಡಿ ತೆಗೆದು ಒತ್ತಿ ನೋಡಿ. ಉಂಡೆ ಕಟ್ಟದೆ ಉದುರಿದರೆ ಒಣ ಹಿಮ. ಉಂಡೆ ಕಟ್ಟಿದರೆ ಒದ್ದೆ ಶುರುವಾಗಿದೆ. ನೀರು ತೊಟ್ಟಿಕ್ಕಿದರೆ ಆ ದಿನಕ್ಕೆ ಸಾಕು ಮಾಡಿ, ಕಾಶ್ಮೀರದ ಚಹಾ ಕಹ್ವಾ ಕುಡಿಯಲು ಹೋಗಿ.

ಮೊದಲ ಮೂರು ದಿನ ತರಬೇತುದಾರರು ಬೇಕೇ ಬೇಕು. ಗೆಳೆಯ ಹೇಳಿಕೊಡ್ತಾನೆ ಅಂತ ಬಿಟ್ಟುಬಿಡಬೇಡಿ. ನಿಲ್ಲುವುದು, ಬೀಳುವುದು, ಬಿದ್ದ ಮೇಲೆ ಏಳುವುದು, ಇಷ್ಟು ಸರಿಯಾಗಿ ಬಂದರೆ ಉಳಿದದ್ದು ತಾನಾಗಿ ಬರುತ್ತದೆ.

ಹಿಮಕುಸಿತ

ಇಲ್ಲಿ ಸಲಿಗೆ ಬೇಡ. ಗುಲ್ಮಾರ್ಗ್ ಬೆಟ್ಟದಲ್ಲಿ ಜನ ಸತ್ತಿದ್ದಾರೆ. 2010ರ ಫೆಬ್ರವರಿಯಲ್ಲಿ ಖಿಲನ್‌ಮಾರ್ಗ್‌ನಲ್ಲಿ ತರಬೇತಿಯಲ್ಲಿದ್ದ 17 ಸೈನಿಕರು ಹಿಮದಡಿ ಸಿಕ್ಕಿ ತೀರಿಕೊಂಡರು. 2023ರ ಫೆಬ್ರವರಿ 1ರಂದು ಅಫರ್ವತ್‌ನಲ್ಲಿ ಪೋಲೆಂಡಿನ ಇಬ್ಬರು, 2024ರ ಫೆಬ್ರವರಿಯಲ್ಲಿ ರಷ್ಯಾದ ಒಬ್ಬರು. ಸೈನಿಕರು ಪಳಗಿದವರು, ಪೋಲೆಂಡ್-ರಷ್ಯಾದವರು ಹುಟ್ಟಿನಿಂದ ಹಿಮ ನೋಡಿದವರು.

ಹಿಮಕುಸಿತ ಹೆಚ್ಚಾಗಿ ಆಗುವುದು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. ಹಳೆ ಹಿಮದ ಪದರ ನುಣುಪಾಗಿ, ಸಡಿಲಾಗಿ ಕೂತಿರುತ್ತದೆ. ಅದರ ಮೇಲೆ ಹೊಸ ಹಿಮ ದಪ್ಪಕ್ಕೆ ಬೀಳುತ್ತದೆ, ಅಥವಾ ಗಾಳಿ ಒಂದು ಬದಿಯ ಹಿಮವನ್ನು ಹೊತ್ತು ತಂದು ಇನ್ನೊಂದು ಬದಿಗೆ ತುಂಬುತ್ತದೆ. ಒಬ್ಬ ಮನುಷ್ಯನ ಭಾರ ಬಿದ್ದರೂ ಸಾಕು, ಮೇಲಿನ ಪದರ ಹಲಗೆಯಂತೆ ಕಳಚಿ ಜಾರುತ್ತದೆ. ದೊಡ್ಡ ಹಿಮ ಬಿದ್ದ ಮೇಲಿನ ಮೊದಲ ಒಂದೆರಡು ದಿನ ಅಪಾಯ ಹೆಚ್ಚು. ಮೋಸ ಇರುವುದು ಇಲ್ಲೇ. ಆ ಒಂದೆರಡು ದಿನವೇ ಆಕಾಶ ನೀಲಿಯಾಗಿ, ಬೆಟ್ಟ ಬೆಳ್ಳಗೆ ಹೊಳೆಯುತ್ತಾ, ಎಲ್ಲರಿಗೂ ಮೇಲೆ ಹೋಗುವ ಆಸೆ ಹುಟ್ಟಿಸುತ್ತದೆ.

ಚಂಡೀಗಢದಲ್ಲಿರುವ ರಕ್ಷಣಾ ಸಂಶೋಧನಾ ಸಂಸ್ಥೆ ಡಿಜಿಆರ್‌ಇ ಹಿಮಕುಸಿತದ ಎಚ್ಚರಿಕೆ ಕೊಡುತ್ತದೆ, ಜಿಲ್ಲಾವಾರು. ಬಾರಾಮುಲ್ಲಾ ಜಿಲ್ಲೆಯದ್ದು ನೋಡಿ, ಗುಲ್ಮಾರ್ಗ್ ಅದರಲ್ಲೇ ಬರುತ್ತದೆ. ಗೊಂಡೊಲಾ ಸುತ್ತಲಿನ ಗಸ್ತು ಇರುವ ಪ್ರದೇಶ ಒಂದು, ಅದರ ಹೊರಗಿನ ಬೆಟ್ಟ ಬೇರೆಯೇ. ಹೊರಗೆ ಹೋಗುವವರ ಹತ್ತಿರ ಸಿಗ್ನಲ್ ಕೊಡುವ ಬೀಕನ್, ಹುಡುಕುವ ಉದ್ದ ಕೋಲು, ಸಲಿಕೆ, ಮತ್ತು ಅವನ್ನು ಬಳಸಲು ಬರುವ ಜೊತೆಗಾರರು ಇರಬೇಕು. ಮೊದಲ ಪ್ರವಾಸದಲ್ಲಿ ನಮಗೆ ಆ ಜಾಗದ ಅಗತ್ಯವೇ ಇಲ್ಲ. ಹಗ್ಗ ಕಟ್ಟಿದ್ದರೆ ಹಗ್ಗದ ಈಚೆಗೇ ಇರಿ. ಎರಡನೇ ಹಂತಕ್ಕೆ ನೋಡಲು ಹೋಗಿ, ಸ್ಕೀ ಕಟ್ಟಿಕೊಂಡು ಅಲ್ಲಿಂದ ಇಳಿಯಬೇಡಿ. ಯಾರಾದರೂ "ಏನಾಗೋದಿಲ್ಲ ಸರ್, ನಾನಿದ್ದೇನೆ" ಅಂದರೂ ಬೇಡ.

ಇನ್ನೊಂದು ಅಪಾಯ ರೂಮಿನ ಒಳಗೆ. ಕಟ್ಟಿಗೆ, ಇದ್ದಿಲಿನ ಬುಖಾರಿ (ಕೋಣೆ ಬೆಚ್ಚಗಿಡುವ ಒಲೆ) ಉರಿಸಿ ಕಿಟಕಿ-ಬಾಗಿಲು ಬಿಗಿದು ಮಲಗಬೇಡಿ. ವಿಷಾನಿಲಕ್ಕೆ ವಾಸನೆ ಇರುವುದಿಲ್ಲ. ಕಿಟಕಿ ಒಂದು ಬೆರಳು ತೆರೆದಿರಲಿ, ಮಲಗುವ ಮುಂಚೆ ಬೆಂಕಿ ಆರಿಸಿ.

ಹವೆ ಕೆಟ್ಟ ದಿನ

ಲಿಫ್ಟ್ ನಿಂತ ದಿನ ಜಗಳ ಮಾಡಿ ಪ್ರಯೋಜನ ಇಲ್ಲ. ಕೈಯಲ್ಲಿ ಇಟ್ಟುಕೊಂಡ ಎರಡು ದಿನ ಇರುವುದು ಇದಕ್ಕೇ. ಊರಿನೊಳಗೆ ನಡೆಯಿರಿ, ತೊಡೆಗೆ ವಿಶ್ರಾಂತಿ ಕೊಡಿ. ಕರೆಂಟ್ ಹೋಗಬಹುದು, ಪವರ್ ಬ್ಯಾಂಕ್ ತುಂಬಿಸಿಡಿ, ಫೋನನ್ನು ಒಳಜೇಬಿನಲ್ಲಿ ಇಡಿ, ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ. ಸಸ್ಯಾಹಾರಿಗಳು ಅವಲಕ್ಕಿ, ಚಟ್ನಿಪುಡಿ ಒಯ್ದರೆ ಅಂಥ ದಿನ ಉಪಯೋಗಕ್ಕೆ ಬರುತ್ತದೆ. ಅನ್ನ, ರಾಜ್ಮಾ, ರೊಟ್ಟಿ ಎಲ್ಲ ಕಡೆ ಸಿಗುತ್ತದೆ.

ವಿಮೆ ಮಾಡಿಸುವಾಗ ಅದರಲ್ಲಿ ಸ್ಕೀಯಿಂಗ್ ಸೇರಿದೆಯಾ ಅಂತ ಓದಿ ನೋಡಿ. ಸಾಮಾನ್ಯ ಪ್ರವಾಸದ ವಿಮೆಯಲ್ಲಿ ಎಷ್ಟೋ ಸಲ ಸೇರಿರುವುದಿಲ್ಲ.

ವಾಪಸ್ ಬಂದ ಮೇಲೆ

ಕೊಂಡ ಕೈಗವಸು, ಜಾಕೆಟ್, ಉಣ್ಣೆ ಬಟ್ಟೆಯನ್ನು ಹಾಗೇ ಬ್ಯಾಗಿನಲ್ಲಿ ಬಿಟ್ಟರೆ ಆಷಾಢದ ಹೊತ್ತಿಗೆ ಎಲ್ಲ ಬೂಸ್ಟು. ಮಾರ್ಚ್-ಏಪ್ರಿಲ್‌ನ ಬಿಸಿಲಿನಲ್ಲೇ ತೊಳೆದು, ಕೈಗವಸಿನ ಒಳಭಾಗ ಹೊರಗೆ ತಿರುಗಿಸಿ ಪೂರ್ತಿ ಒಣಗಿಸಿ. ಕಾರವಾರ, ಅಂಕೋಲಾದಲ್ಲಿ ಉಪ್ಪು ಗಾಳಿಗೆ ಲೋಹದ ಜಿಪ್ ಹಿಡಿದುಕೊಂಡುಬಿಡುತ್ತದೆ, ಹಲ್ಲಿನ ಮೇಲೆ ಮೇಣದ ಬತ್ತಿ ಒಮ್ಮೆ ಉಜ್ಜಿ. ಗಾಳಿ ಆಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿ. ಘಟ್ಟದ ಮೇಲಿನವರು ಒಲೆ ಇರುವ ಮನೆಯಲ್ಲಿ ಬೆಚ್ಚಗಿನ ಅಟ್ಟದ ಮೇಲೆ ಇಟ್ಟರೂ ಆದೀತು, ಆದರೆ ಹೊಗೆ ನೇರ ತಾಗದ ಹಾಗೆ ಡಬ್ಬಿಯ ಮುಚ್ಚಳ ಬಿಗಿ ಇರಲಿ. ಮಳೆಗಾಲದ ಮಧ್ಯೆ ಬಿಸಿಲು ಬಿದ್ದ ದಿನ ಒಮ್ಮೆ ತೆಗೆದು ಆರಹಾಕಿ, ಪೊಟ್ಟಣ ಬದಲಿಸಿ.